ಗೆಸ್ಟ್ ತಂಡಕ್ಕೊಂದು ಕೊಸರು

ಮೊದಲ ದಿನ ನನ್ನ ಕೈಗೆ ಬಂದ ಬೂಟಿನಲ್ಲಿ ಎರಡು ಸೇರು ಭತ್ತ ಹಿಡಿಸುವಂತಿತ್ತು. ಇಂಥದ್ದನ್ನು ತೊಡುವ ಮನುಷ್ಯರೂ ಇದ್ದಾರೆಯೇ ಎಂದುಕೊಳ್ಳುವಷ್ಟರಲ್ಲಿ ಅದರ ಒಡೆಯ ಬಾಗಿಲಿಗೆ ತಲೆ ತಗಲದಂತೆ ಬಗ್ಗಿ ಒಳಗೆ ಬಂದ. ನನಗೆ 'ಮ್ಯಾಮ್' ಎಂದ.

ಗಂಡನಿಗೆ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿದ್ದರಿಂದ ಗಂಗಾವತಿ ಬಿಟ್ಟು ಅಮೆರಿಕದ ಈ ಸಣ್ಣ ಊರಿಗೆ ಬಂದೆವು. ನಮ್ಮಲ್ಲಿ ಬಾಗಿಲು ತೆರೆದಿಟ್ಟರೆ ಸಾಕು, ಯಾರಾದರೂ "ಏನ್ ಅಡಿಗೀರಿ?" ಎನ್ನುತ್ತಾ ಒಳಗೆ ಬರುತ್ತಾರೆ. ಇಲ್ಲಿ ತೆರೆದಿಟ್ಟರೆ ಚಳಿ ಮಾತ್ರ ಬರುತ್ತದೆ. ಎಂಟು ತಿಂಗಳು ಬಾಡಿಗೆ ಮನೆಯ ಗೋಡೆಗಳ ಜೊತೆ ಮಾತಾಡಿದ ಮೇಲೆ, ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದ ಸಾಮಾನು ಕೋಣೆಯಲ್ಲಿ ಕೆಲಸ ಸಿಕ್ಕಿತು. ಬಟ್ಟೆ ಒಗೆಯಬೇಕು, ಚೆಂಡು ಎಣಿಸಿ ಕೊಡಬೇಕು. ಮೊದಲ ತಿಂಗಳು 'ಪ್ರೊಬೇಷನ್', ಅಂದರೆ ಸರಿ ಕಂಡರೆ ಇಟ್ಟುಕೊಳ್ಳುತ್ತಾರೆ, ಇಲ್ಲದಿದ್ದರೆ ಮತ್ತೆ ಗೋಡೆಗಳೇ ಗತಿ. ಆ ಕೆಲಸ ನನಗೆ ಬೇಕೇ ಬೇಕಿತ್ತು.

ನವೆಂಬರಿನಲ್ಲಿ ನಮ್ಮ ಗಂಗಾವತಿ ಬಳಿಯ ಸಿದ್ದಾಪುರದ ಕಡೆ ಭತ್ತದ ಕೊಯ್ಲು, ಇಲ್ಲಿ ಆಟದ ಹಂಗಾಮಿನ ಆರಂಭ. ಹೊಸ ಆಟಗಾರರಿಗೆ ಒಬ್ಬರ ಹೆಸರು ಇನ್ನೊಬ್ಬರ ಬಾಯಿಗೆ ಬಂದಿರುವುದಿಲ್ಲ. ಒಬ್ಬನಿಗೆಂದು ಎಸೆದದ್ದನ್ನು ಇನ್ನೊಬ್ಬ ಹಿಡಿಯುತ್ತಾನೆ. ಹೊಸಬಳು ನಾನೊಬ್ಬಳೇ ಅಲ್ಲವಲ್ಲ ಎಂದು ನನಗೆ ಸಮಾಧಾನ.

"ಬುಟ್ಟಿಗೆ ತಳಾನ ಇಲ್ಲಂತೀ. ಹಾಕಿದ್ದೆಲ್ಲಾ ಕೆಳಗ ಬಿದ್ರ ಉಳಿಯೋದೇನವ್ವಾ?" ಎಂದು ಊರಿನಿಂದ ನನ್ನ ತಂದೆ, ಅಬ್ಬಾ, ಫೋನಿನಲ್ಲಿ ಕೇಳಿದರು. ಮನೆಮಾತು ದಖನಿ ಉರ್ದುವಾದರೂ ಆಟ, ಜಗಳ, ಸುಗ್ಗಿಯ ಮಾತು ಅವರಿಗೆ ಕನ್ನಡದಲ್ಲೇ ಬರುತ್ತದೆ.

ಅಬ್ಬಾ ಭತ್ತ ಅಳೆಯುವವರು. ಮೊದಲ ಸೇರಿಗೆ ಒಂದು ಎನ್ನುವುದಿಲ್ಲ. ರೈತರ ಮನೆಯಲ್ಲಿ 'ಲಾಭ' ಎನ್ನುತ್ತಾರೆ, ನಮ್ಮ ಮನೆಯಲ್ಲಿ 'ಬರ್ಕತ್'. ಕೊನೆಗೆ ಲೆಕ್ಕಕ್ಕೆ ಹಿಡಿಯದ ಒಂದು ಹಿಡಿ ಕೊಸರು. ಅವರು ಅಳೆಯುವಾಗ ಚೀಲದ ಬಾಯಿ ಹಿಡಿದು ನಿಲ್ಲುವುದು ನನ್ನ ಕೆಲಸವಾಗಿತ್ತು.

ಮೊದಲ ಪಂದ್ಯದ ದಿನ ಕೋಣೆಯ ಮುಖ್ಯಸ್ಥೆ ಲೋರೆಟ್ಟಾ ಎರಡು ಸ್ಟ್ಯಾಂಡ್ ತೋರಿಸಿದಳು. 'ಹೋಮ್' ನಮ್ಮ ತಂಡದ್ದು, 'ಗೆಸ್ಟ್' ಹೊರಗಿನಿಂದ ಆಡಲು ಬಂದವರದು. ಎರಡಕ್ಕೂ ಆರಾರು ಚೆಂಡು. ಲಾಭ, ಎರಡು, ಮೂರು ಎಂದು ಬಾಯಿ ತಾನೇ ಎಣಿಸಿತು. ಗೆಸ್ಟ್ ಎಂಬ ಶಬ್ದ ಕಂಡಿದ್ದೇ ತಡ, ಮೂಲೆಯಲ್ಲಿದ್ದ ಹಳೆಯ ಚೆಂಡೊಂದನ್ನು ಕೈ ಆ ಸ್ಟ್ಯಾಂಡಿನ ಮೇಲಿಟ್ಟಿತು. ಬಂದ ಅತಿಥಿಗಳಿಗೆ ಕೊಸರಿಲ್ಲದೆ ಕೊಡುವುದುಂಟೇ?

ಅದು ನಮ್ಮ ನಾಯಕ ಪ್ರತಿ ಪಂದ್ಯಕ್ಕೂ ಮೊದಲು ಮುಟ್ಟಿ ಹೋಗುವ ಚೆಂಡಂತೆ. ಅವನು ಹುಡುಕಿ ಹುಡುಕಿ ಸಾಕಾದ. ತಂಡ ಸೋತಿತು.

"ಎದುರಾಳಿಗಳಿಗೆ ಅದನ್ನು ಯಾಕೆ ಕೊಟ್ಟೆ?" ಎಂದು ಲೋರೆಟ್ಟಾ ಕೇಳಿದಳು. ನನ್ನ ಇಂಗ್ಲಿಷಿನಲ್ಲಿ ಕೊಸರಿಗೆ ಶಬ್ದವಿರಲಿಲ್ಲ. ಕೆಲಸ ಹೋಯಿತೆಂದು ಕಣ್ಣು ತುಂಬಿತ್ತು. ಬಟ್ಟೆಯ ಸೋಪಿನ ಪುಡಿಯನ್ನು ಅಳೆದು ತೋರಿಸಿದೆ. ಲಾಭ, ಎರಡು, ಮೂರು. ಆಮೇಲೆ ಒಂದು ಹಿಡಿ ಅವಳ ಅಂಗೈಗೆ ಸುರಿದೆ.

ಅವಳು ಅಂಗೈ ನೋಡುತ್ತಾ ನಿಂತಳು. "ನಮ್ಮಜ್ಜಿ ಸಂತೆಯಲ್ಲಿ ಬೀನ್ಸ್ ಕಾಳು ಮಾರುವಾಗ ಹೀಗೇ ಕೊಡುತ್ತಿದ್ದಳು" ಎಂದಳು. "ಇನ್ನು ಮೇಲೆ ನಿನ್ನ ಈ ಹಿಡಿ ನಮ್ಮವರಿಗೆ ಬೀಳಲಿ, ತಿಳಿಯಿತೇ?"

ಎರಡನೆಯ ಪಂದ್ಯವೂ ಹೋಯಿತು. ಮೂರನೆಯದಕ್ಕೆ ಅವಳೇ 'ಲಾಬಾ, ಟೂ, ತ್ರೀ' ಎಂದು ಎಣಿಸಿ ಹಳೆಯ ಚೆಂಡನ್ನು ಹೋಮ್ ಸ್ಟ್ಯಾಂಡಿನ ಮೇಲಿಟ್ಟಳು. ಗೆದ್ದೆವು. ನಾಳೆಯಿಂದ ನಿನ್ನ ಕೆಲಸ ಕಾಯಂ ಎಂದು ಬೆನ್ನು ತಟ್ಟಿದಳು.

ಇಲ್ಲಿ ಸಂಜೆ, ಅಲ್ಲಿ ಬೆಳಗ್ಗೆ. ಸಾಮಾನು ಕೋಣೆಯಿಂದಲೇ ಫೋನ್ ಮಾಡಿದೆ. "ಅಬ್ಬಾ, ನಮ್ಮವರು ಗೆದ್ರು!"

"ನಮ್ಮವರಂದ್ರ ಯಾರವ್ವಾ?"

"ನಾ ಚೆಂಡು ಎಣಿಸಿ ಕೊಡೋ ಮಂದಿ" ಎಂದೆ.

"ಭಾಳ ಛಲೋ ಆತು ಬಿಡು."

"ಈ ಸಲ ಚೀಲದ ಬಾಯಿ ಯಾರು ಹಿಡಿತಾರ್ರಿ?"

"ಎರಡು ಗೂಟ ಹುಗದು ಸಿಗಿಸೀನಿ. ನಿನ್ನಂಗ ನಡುವ ಆಕಳಸೂದಿಲ್ಲ ಅವು."

ನಕ್ಕರು. ಆಮೇಲೆ ಫೋನ್ ಇಡದೆ ನನಗೆ ಕೇಳುವಂತೆ ಅಳೆಯತೊಡಗಿದರು. ಬರ್ಕತ್, ದೋ, ತೀನ್. ಭತ್ತ ಸುರಿಯುವ ಸದ್ದು ಬಂದಾಗ ನೋಡಿಕೊಂಡೆ, ಹೋಮ್ ಎಂದು ಬರೆದ ಸ್ಟ್ಯಾಂಡಿನ ಪಕ್ಕದಲ್ಲಿ ನಾನು ಎರಡೂ ಕೈ ಅಗಲಿಸಿ ಚೀಲ ಹಿಡಿದವಳಂತೆ ನಿಂತಿದ್ದೆ.