ಧೂಳಪ್ಪನವರ ಸೊನ್ನೆ

ನವಿ ಪೇಠೆಯಲ್ಲಿ ಟಾವೆಲ್ಲು, ಚಾದರು ಮಾರುವ ಧೂಳಪ್ಪನವರು ಯಾವುದಾದರೂ ಮಾಲನ್ನು ಹೊಗಳಿದರೆಂದರೆ ಅದು ಅವರ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲವೆಂದೇ ತಿಳಿಯಬೇಕು. ಪೇಠೆಗೆಲ್ಲ ಇದು ಗೊತ್ತು. ಮಗ್ಗದ ಮಾಲಕ ಅಣ್ಣಾರಾಯ ಹೊಸ ಟಾವೆಲ್ಲು ಬಿಚ್ಚಿ ಮುಂದಿಟ್ಟಾಗ ಇವರು ಅಂಗೈಯಿಂದ ಸವರಿ, ಅಂಚು ಜಗ್ಗಿ, ಬೆಳಕಿಗೆ ಹಿಡಿದು, “ಭಾರಿ ಅದ ಬಿಡ್ರಿ, ನಿಮ್ಮ ಕೈಗುಣಾನ ಬ್ಯಾರೆ” ಅಂದರೋ, ಅಣ್ಣಾರಾಯನ ಮುಖ ಇಳಿದುಹೋಗುತ್ತದೆ. “ಇದೇನ್ರಿ, ನೆಲಾ ಒರಸೂ ಅರಿವಿ ತಂದೀರಿ?” ಅಂದರೆ ಮಾತ್ರ ಆತ ನಗುತ್ತ ಗಂಟು ಕಟ್ಟಲು ಶುರುಮಾಡುತ್ತಾನೆ. ಬೇಕಾದ ಮಾಲನ್ನು ಮಾರುವವನ ಎದುರಿಗೆ ಹೊಗಳಬಾರದು ಎಂದು ಅಪ್ಪ ಕಲಿಸಿದ ಪಾಠ. ಧೂಳಪ್ಪನವರು ಸಾಲೆಯಲ್ಲಿ ಕಲಿತದ್ದನ್ನೆಲ್ಲ ಮರೆತರು, ಇದೊಂದನ್ನು ಅರವತ್ತೆಂಟರವರೆಗೂ ಬಿಟ್ಟಿಲ್ಲ.

ಪಾಠ ಅಂಗಡಿಯಲ್ಲೇ ಉಳಿದಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ. ನಲವತ್ತೈದು ವರ್ಷದ ಹಿಂದೆ ಪ್ಯಾಸೆಂಜರ್ ಗಾಡಿ ಹತ್ತಿ ದುಧನಿಗೆ ಕನ್ಯಾ ನೋಡಲು ಹೋದಾಗಲೂ ಅದು ಇವರ ಜೊತೆಗೇ ಹೋಯಿತು. ಅವಲಕ್ಕಿ ತಿಂದು, ಚಹಾ ಕುಡಿದು, ಹುಡುಗಿಯ ಅಪ್ಪನ ಎದುರಿಗೇ ಇವರು ಹೇಳಿದ್ದು: “ನಡೀತದ. ಮೂಗು ಜರಾ ಮೊಂಡ ಅದ.” ಹುಡುಗಿ, ಅಂದರೆ ಗಂಗುಬಾಯಿ, ಒಳಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಮೂರನೆಯ ದಿನ ಅದೇ ಗಾಡಿಯಿಂದ ವರ ಒಬ್ಬನೇ ಇಳಿದು ಬಂದು, ಚಪ್ಪಲಿ ಸಹ ಬಿಡದೆ ಬಾಗಿಲಲ್ಲಿ ನಿಂತು, “ತಾರೀಖು ಯಾವಾಗ ಹಿಡ್ಯೂಣು?” ಎಂದು ಕೇಳಿದಾಗ ಆಕೆಗೆ ಗಂಡನ ಭಾಷೆಯ ಮೊದಲ ಪಾಠವಾಯಿತು. ಈಗಲೂ ಅವರು “ಚಟ್ನಿಗೆ ಉಪ್ಪು ಜಾಸ್ತಿ ಆಗ್ಯಾದ” ಅಂದರೆ ಗಂಗುಬಾಯಿ ತಾಟಿಗೆ ಇನ್ನೊಂದು ಚಮಚೆ ಚಟ್ನಿ ಹಾಕುತ್ತಾಳೆ.

ಈ ಭಾಷೆ ಗೊತ್ತಿರದವಳು ಮೊಮ್ಮಗಳು ಶ್ರದ್ಧಾ ಒಬ್ಬಳೇ. ಬೆಳೆದದ್ದು ಪುಣೆಯಲ್ಲಿ. ಅಕ್ಕಲಕೋಟೆಯ ಒಂದು ಸಾಲೆಯಲ್ಲಿ ಚಿತ್ರಕಲೆಯ ಟೀಚರ್ ಕೆಲಸ ಸಿಕ್ಕಿತೆಂದು ಹೋದ ವರ್ಷ ಅಜ್ಜನ ಮನೆಗೆ ಬಂದವಳು, ದಿನಾ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಮಾತು ಕನ್ನಡ, ಬರೆಯುವುದು ಮರಾಠಿ. ಬಂದಾಗಿನಿಂದ ಬಿಡುವಿದ್ದಾಗಲೆಲ್ಲ ಕೂತು ಒಂದು ಹೊಸ ಆಟಕ್ಕೆ ಕಾರ್ಡು ಬರೆದಿದ್ದಳು. ಒಟ್ಟು ಇನ್ನೂರ ಇಪ್ಪತ್ತು. ಒಂದೊಂದರ ಮೇಲೂ ತಾನೇ ಬಿಡಿಸಿದ ಚಿತ್ರ, ಕೆಳಗೆ ಅದರ ಶಕ್ತಿ ಏನೆಂಬ ಎರಡು ಸಾಲು.

ಬೇಕಾದದ್ದು ನೂರ ಅರವತ್ತು ಮಾತ್ರ. ಅರವತ್ತನ್ನು ಹೊರಗಿಡಬೇಕು. ಯಾವ ಅರವತ್ತು ಎಂಬುದೇ ಅವಳ ತಲೆನೋವು. ಪುಣೆಯಲ್ಲಿ ಇಂಥ ಆಟಗಳ ಅಂಗಡಿ ಇಟ್ಟಿರುವ ಪೂನಮ ಎಂಬಾಕೆ ಭಾನುವಾರ ಒಂದೇ ದಿನದ ಮಟ್ಟಿಗೆ ಬರುವವಳಿದ್ದಳು. ಆಡಿ ನೋಡಿ ಮನಸ್ಸಿಗೆ ಬಂದರೆ ಅಚ್ಚು ಹಾಕಿಸುತ್ತಾಳೆ. ಮನಸ್ಸಿಗೆ ಬರಲಿಲ್ಲವೆಂದರೆ ಒಂದು ವರ್ಷದ ಕೆಲಸ ಮಂಚದ ಕೆಳಗಿನ ಡಬ್ಬಿ ಸೇರುತ್ತದೆ. ಗೆಳತಿಯರನ್ನು ಕೇಳಿದರೆ ಎಲ್ಲದಕ್ಕೂ “ಮಸ್ತ” ಅನ್ನುತ್ತಾರೆ. ಬಾಯಿಗೆ ಬಂದಂತೆ ಹೊಗಳದ ಮನುಷ್ಯ ಈ ಊರಲ್ಲಿ ಇದ್ದರೆ ಅದು ನಮ್ಮ ಅಜ್ಜ ಎಂದು ಶ್ರದ್ಧಾ ಲೆಕ್ಕ ಹಾಕಿದಳು. ಲೆಕ್ಕ ಸರಿಯೇ ಇತ್ತು, ಅರ್ಧದವರೆಗೆ.

ಸೋಮವಾರ ಸಂಜೆ ಅಂಗಡಿಯಿಂದ ಬಂದು ಕಾಲು ತೊಳೆದುಕೊಂಡ ಧೂಳಪ್ಪನವರ ಮುಂದೆ ಅವಳು ಕಾರ್ಡಿನ ಕಟ್ಟು ಇಟ್ಟಳು. ಅವರು ಮೊದಲ ಕಾರ್ಡಿನ ಮೂಲೆ ಬಗ್ಗಿಸಿ ನೋಡಿದರು, ಹೆಬ್ಬೆರಳಿಂದ ಉಜ್ಜಿ ಬಣ್ಣ ಬಿಡುತ್ತದೋ ಎಂದು ನೋಡಿದರು, ಮೂಸಿಯೂ ನೋಡಿದರು.

“ಅಜ್ಜಾ, ಕಾಗದ ಅಲ್ಲ, ಆಟ ನೋಡು,” ಎಂದು ಶ್ರದ್ಧಾ ಬಿಡಿಸಿ ಹೇಳಿದಳು. “ಎಂಟು ಮಂದಿ ಸುತ್ತ ಕೂಡತಾರ. ಒಬ್ಬೊಬ್ಬರ ಕೈಯಾಗ ಹತ್ತು ಕಾರ್ಡಿನ ಒಂದ ಪುಡಿಕಿ. ಬಿಚ್ಚಿ, ಒಂದ ತಾವು ಇಟಗೊಂಡು, ಉಳದದ್ದು ಬಾಜೂದವರಿಗೆ ದಾಟಸೂದು. ಅವರೂ ಒಂದ ತಗೋತಾರ, ಮುಂದ ದಾಟಸ್ತಾರ. ಹಿಂಗ ಆರಿಸಿದ್ದರಾಗ ಕಡೀಕ ಲಡಾಯಿ.”

“ನಾ ಏನ ಇಟಗೊಂಡೆ ಅಂತ ಬಾಜೂದವಗ ಗೊತ್ತಾಗಬಾರದಲ್ಲ?”

“ಗೊತ್ತಾಗಬಾರದು.”

“ಮತ್ತ ಇದು ಬಜಾರನ ಆತಲ್ಲ,” ಎಂದು ಧೂಳಪ್ಪನವರು ಚಕ್ಕಳಮಕ್ಕಳ ಹಾಕಿಕೊಂಡು ಗಟ್ಟಿಯಾಗಿ ಕೂತರು.

“ನೀ ತಗೊಳ್ಳಾಂವ ಅಂತ ತಿಳಕೊಂಡ ಹೇಳು. ಸೊನ್ನೆಯಿಂದ ಐದರ ತನಕ ಮಾರ್ಕು,” ಎಂದಳು ಶ್ರದ್ಧಾ. ಕೆಲಸ ಕೆಟ್ಟದ್ದು ಅಲ್ಲಿಯೇ. ತಗೊಳ್ಳುವವನಾಗಿ ಕೂತ ಧೂಳಪ್ಪನವರ ಬಾಯಿಂದ ನೇರ ಮಾತು ಹೊರಡಿಸುವುದು ಯಾರಪ್ಪನಿಂದಲೂ ಆಗದು.

‘ಮಿಲ್ಲಿನ ಭೋಂಗಾ’ ಬಂತು. ಭೋಂಗಾ ಎಂದರೆ ಪಾಳಿಗೆ ಕರೆಯುವ ಸೈರನ್ನು; ಅದನ್ನು ಊದಿದರೆ ಸೋತು ಮಲಗಿದ ಸೈನಿಕರೆಲ್ಲ ಎದ್ದು ನಿಲ್ಲುತ್ತಾರೆ. ಎಳವೆಯಲ್ಲಿ ಅದೇ ಭೋಂಗಾದ ಸದ್ದಿಗೆ ಎದ್ದು ಬೆಳೆದ ಧೂಳಪ್ಪನವರು ಚಿತ್ರವನ್ನು ಬಹಳ ಹೊತ್ತು ನೋಡಿ, “ಸುಮ್ಮ ಕಿವಿ ಹರೀತದ. ಒಂದ ಕೊಡು,” ಎಂದರು. ಯಾವ ಏಟಿಗೂ ಮುರಿಯದ ಜೋಳದ ರೊಟ್ಟಿ, ‘ಕಡಕ್ ಭಾಕರಿ’ ಬಂತು. “ಹಲ್ಲಿಲ್ಲದವರು ಏನ ಮಾಡಬೇಕು? ಒಂದ.” ‘ಏಳು ತಲೆಯ ರಾಕ್ಷಸ’ ಬಂತು. ಅವನನ್ನು ಅಖಾಡಕ್ಕೆ ಇಳಿಸಲು ಒಂಬತ್ತು ಸುತ್ತು ಕಾಯಬೇಕು. ಅಷ್ಟರಲ್ಲಿ ಆಟ ಮುಗಿದು ಮಂದಿ ಮನೆಗೆ ಹೋಗಿರುತ್ತಾರೆ. “ಆಹಾ, ಭಾರಿ ಅದ. ಏಳ ತಲಿ ಅಂದ್ರೇನು. ಐದ ಬರಕೋ,” ಎಂದು ಧೂಳಪ್ಪನವರು ಅದನ್ನು ದೂರ ಸರಿಸಿದರು.

ಗುರುವಾರ ‘ದುಧನಿ ಪ್ಯಾಸೆಂಜರ್’ ಎಂಬ ಕಾರ್ಡು ಅವರ ಕೈಗೆ ಬಂತು. ಆಟದಲ್ಲಿ ಕಳೆದುಹೋದ ಯಾವುದೇ ಒಂದು ಕಾರ್ಡನ್ನು ಅದು ಮರಳಿ ತಂದುಕೊಡುತ್ತದೆ. ಗಾಡಿಯ ಕಿಡಕಿಯಲ್ಲಿ ಹಸಿರು ಸೀರೆಯ ಹುಡುಗಿಯೊಬ್ಬಳು ಕೂತಿದ್ದಾಳೆ, ಮೂಗು ಸ್ವಲ್ಪ ಮೊಂಡ. ಅಜ್ಜಿಯ ಹಳೆಯ ಫೋಟೋ ಒಂದನ್ನು ಇಟ್ಟುಕೊಂಡು ಶ್ರದ್ಧಾ ಮೂರು ವಾರ ಬಿಡಿಸಿದ ಚಿತ್ರ ಅದು. ಧೂಳಪ್ಪನವರು ಚಷ್ಮಾ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಮೂರು ಕಾರ್ಡು ನೋಡಿ ಮುಗಿಸಿದರು, ಆಮೇಲೆ ಹೇಳಿದರು.

“ಇದನ್ನ ಯಾರೂ ಕೈಲೆ ಮುಟ್ಟಂಗಿಲ್ಲ. ಸೊನ್ನೆ.”

ಇನ್ನೂರ ಇಪ್ಪತ್ತರಲ್ಲಿ ಸೊನ್ನೆ ಬಿದ್ದದ್ದು ಅದೊಂದಕ್ಕೇ. ಶ್ರದ್ಧಾ ವಹಿಯಲ್ಲಿ ಬರೆದುಕೊಂಡಳು, ಆ ಹೊತ್ತು ಊಟವನ್ನೂ ಸರಿಯಾಗಿ ಮಾಡಲಿಲ್ಲ. ಏನಾಯಿತೆಂದು ಅಜ್ಜಿ ಕೇಳಿದರೆ “ಏನಿಲ್ಲ ಆಯಿ” ಅಂದಳು. ಶನಿವಾರ ಕಡಿಮೆ ಮಾರ್ಕಿನ ಅರವತ್ತನ್ನೂ ತೆಗೆದು ಡಬ್ಬಿಗೆ ಹಾಕಿದಳು, ಎಲ್ಲಕ್ಕಿಂತ ಕೆಳಗೆ ದುಧನಿ ಪ್ಯಾಸೆಂಜರ್.

ಭಾನುವಾರ ಬೆಳಿಗ್ಗೆ ಪೂನಮ ಬಂದಳು, ಶ್ರದ್ಧಾಳ ಸಾಲೆಯ ಜೊತೆಗಾರ ಟೀಚರುಗಳು ಐವರು ಬಂದರು. ಎಂಟನೆಯವನಾಗಿ ಬರಬೇಕಿದ್ದ ಇನ್ನೊಬ್ಬ ಟೀಚರ್ ನಿಲೇಶನಿಗೆ ಜ್ವರ. ಆ ಜಾಗಕ್ಕೆ ಧೂಳಪ್ಪನವರು ಕರೆಯುವ ಮೊದಲೇ ಬಂದು ಕೂತರು. ಎಲ್ಲರೂ ಪುಡಿಕೆ ಬಿಚ್ಚಿದರು, ಒಂದೊಂದೇ ಕಾರ್ಡು ಇಟ್ಟುಕೊಂಡರು, ಬಾಜೂದವರಿಗೆ ದಾಟಿಸಿದರು. ಆಟ ಶುರುವಾಯಿತು. ಶುರುವಾಯಿತು ಅನ್ನುವುದೂ ಹೆಚ್ಚೇ. ಎಲ್ಲರ ಕೈಯಲ್ಲೂ ಐದು ಮಾರ್ಕಿನ ಅಂಥ ರಾಕ್ಷಸರೇ, ಎಲ್ಲರೂ ಒಂಬತ್ತು ಸುತ್ತು ಕಾಯುವವರು. ಒಬ್ಬರು ಆಕಳಿಸಿದರು, ಇನ್ನೊಬ್ಬರು ಮೊಬೈಲು ತೆಗೆದರು. ಹನ್ನೆರಡು ಗಂಟೆಗೆ ಪೂನಮ ಕಾರ್ಡು ಕೆಳಗಿಟ್ಟು ಮರಾಠಿಯಲ್ಲಿ ಮೆತ್ತಗೆ, “ಚಿತ್ರಂ ಛಾನ ಆಹೇತ” ಎಂದಳು. ಚಿತ್ರಗಳು ಚೆನ್ನಾಗಿವೆಯಂತೆ. ಪುಣೆಯ ಹೊಗಳಿಕೆಯ ಅರ್ಥ ಶ್ರದ್ಧಾಗೆ ಚೆನ್ನಾಗಿ ಗೊತ್ತು. ಅವಳ ಕಣ್ಣು ತುಂಬಿಬಂತು. ಕಾರ್ಡು ಹೊಂದಿಸುವವಳಂತೆ ತಲೆ ತಗ್ಗಿಸಿದಳು.

ಧೂಳಪ್ಪನವರ ಚಿಂತೆ ಬೇರೆಯೇ ಇತ್ತು. ಬೆಳಗಿನಿಂದ ಅವರ ಕಣ್ಣು ಒಂದೇ ಕಾರ್ಡನ್ನು ಹುಡುಕುತ್ತಿತ್ತು.

“ಶ್ರದ್ಧಾ, ಆ ದುಧನಿ ಗಾಡಿ ಯಾರ ಕಡಿ ಹೋತು? ನನ್ನ ಕಡಿ ಬರಲೇ ಇಲ್ಲಲಾ.”

“ಸೊನ್ನೆ ಕೊಟ್ಟಿದ್ದಿ ಅಜ್ಜಾ. ತಗದ ಇಟ್ಟೀನಿ.”

“ತಗದಿ? ಅದೊಂದಕ್ಕ ಅಂತ ಕೂತೀನಿ ನಾ ಇಲ್ಲಿ.”

ಶೇಂಗಾ ಹೋಳಿಗೆಯ ತಾಟು ತಂದ ಗಂಗುಬಾಯಿ ಬಾಗಿಲಲ್ಲೇ ನಿಂತಳು. ಗಂಡನ ಮುಖ ನೋಡಿದಳು, ಮೊಮ್ಮಗಳ ಮುಖ ನೋಡಿದಳು, ವಹಿ ತರಿಸಿಕೊಂಡು ನೋಡಿದಳು. ರಾಕ್ಷಸನಿಗೆ ಐದು ಎಂದು ಓದಿದ್ದೇ ತಾಟು ಕೆಳಗಿಟ್ಟು, ಸೆರಗು ಬಾಯಿಗಿಟ್ಟುಕೊಂಡು, ಈ ಸಲ ಹೊಟ್ಟೆ ಹುಣ್ಣಾಗುವಂತೆ ನಕ್ಕಳು.

“ನಿಮ್ಮಜ್ಜನ ಮಾರ್ಕು ಉಲ್ಟಾ ಓದಬೇಕವ್ವಾ,” ಎಂದಳು. “ಬೇಕಾದ್ದಕ್ಕ ಕುಂದ ತಗೀತಾರ, ಬ್ಯಾಡಾದ್ದಕ್ಕ ಭಾರಿ ಅಂತಾರ. ನನ್ನ ಮೂಗಿಗೂ ಹಿಂಗ ಅಂದವರು ಇವರು. ನನಗರ ಕೇಳಬಾರದೇನು ನೀ?”

“ಮತ್ತ ತಗೊಳ್ಳಾಂವ ಅಂತ ತಿಳಕೊಂಡ ಹೇಳು ಅಂದಳಲ್ಲ ಅಕಿ,” ಎಂದು ಧೂಳಪ್ಪನವರು ಗೊಣಗಿದರು. “ತಗೊಳ್ಳಾಂವ ಹ್ಯಾಂಗ ಹೇಳತಾನೋ ಹಂಗ ಹೇಳೀನಿ.”

ಶ್ರದ್ಧಾ ಎದ್ದಳು. ಉಳಿದವರು ಹೋಳಿಗೆಗೆ ತುಪ್ಪ ಹಾಕಿಕೊಳ್ಳುವಷ್ಟರಲ್ಲಿ ಡಬ್ಬಿಯ ಅರವತ್ತು ಹೊರಗೆ ಬಂದವು, ಐದು ಮಾರ್ಕಿನ ಅರವತ್ತು ಒಳಗೆ ಹೋದವು. ಊಟವಾದ ಮೇಲೆ ಮತ್ತೆ ಪುಡಿಕೆ ಬಿಚ್ಚಿದರು. ಈ ಸಲ ಭೋಂಗಾ ಕೂಗಿತು, ಸತ್ತವರೆಲ್ಲ ಎದ್ದರು, ಭಾಕರಿಗೆ ಬಡಿದು ಕತ್ತಿಗಳು ಮುರಿದವು. ಕೈಗೆ ಬಂದ ಕಾರ್ಡು ಬಿಡಲಾಗದೆ, ಇಟ್ಟುಕೊಳ್ಳಲಾಗದೆ ಪೂನಮ ಒದ್ದಾಡಿದಳು. ಚಹಾ ಆರಿಹೋದದ್ದು ಯಾರಿಗೂ ನೆನಪಿಲ್ಲ. ಸಾಲೆಯ ಗುರುಗಳೆಲ್ಲ ಜಗಳಾಡಿದ್ದನ್ನು ಸಾಲೆಯ ಮಕ್ಕಳು ನೋಡಲಿಲ್ಲ, ಅಷ್ಟು ಒಳ್ಳೆಯದಾಯಿತು.

ಗಾಡಿಗೆ ಹೊತ್ತಾಯಿತೆಂದು ಏಳುವಾಗ ಪೂನಮ ನೇರ ಧೂಳಪ್ಪನವರ ಎದುರಿಗೆ ಬಂದು ನಿಂತಳು. ಆಡಿ ನೋಡಿದ್ದೇನೆ, ಆದರೂ ನಿಮ್ಮ ಬಾಯಿಂದ ಕೇಳಬೇಕು, ಒಟ್ಟು ಹೇಗಿದೆ ಈ ಸೆಟ್ಟು ಎಂದು ಕೇಳಿದಳು.

ಶ್ರದ್ಧಾ ಅಜ್ಜನ ಬಾಯನ್ನೇ ನೋಡಿದಳು. ಭಾರಿ ಅದ ಅಂದುಬಿಟ್ಟರೆ ಏನು ಗತಿ? ಗುಟ್ಟು ಬಯಲಾದ ಮೇಲೆ ಭಾಷೆ ಬದಲಿಸಿದ್ದರೆ? ಧೂಳಪ್ಪನವರು ಮೊಮ್ಮಗಳ ಮುಖವನ್ನೊಮ್ಮೆ ನೋಡಿದರು. ಒಳ್ಳೆಯದನ್ನು ಒಳ್ಳೆಯದು ಅನ್ನಲು ಅವರ ತುಟಿ ಒಮ್ಮೆ ಅಲುಗಾಡಿದ್ದನ್ನು ಗಂಗುಬಾಯಿ ಕಂಡಳು. ಆಗಲಿಲ್ಲ.

“ಕಾಗದ ಹಾಳು,” ಎಂದರು ಅವರು. “ವರ್ಷಗಟ್ಟಲೆ ಕೂತು ಇಂಥಾದ್ದು ಮಾಡ್ಯಾಳಂದ್ರ ಪೇಠಿ ಮಂದಿ ನಗತಾರ.”

“ಮಾರ್ಕು ಎಷ್ಟು ಅಜ್ಜಾ?”

“ಸೊನ್ನೆ.”

ಶ್ರದ್ಧಾ ಅಜ್ಜನ ಹೆಗಲಿಗೆ ಮುಖ ಒತ್ತಿ ಅತ್ತಳು. ಪೂನಮ ಆಡಿದ ಕಾರ್ಡಿನ ಕಟ್ಟನ್ನು ತನ್ನ ಚೀಲಕ್ಕೆ ಹಾಕಿಕೊಂಡಳು.

ಪುಣೆ ತಲುಪಿದ ಮೇಲೆ ಆಕೆಯ ಫೋನು ಬಂತು. ಅಚ್ಚಿಗೆ ಕೊಡುತ್ತಿದ್ದೇನೆ, ಆದರೆ ಎಣಿಸಿದರೆ ನೂರ ಐವತ್ತೊಂಬತ್ತೇ ಇವೆ, ಒಂದು ಗಾಡಿ ಕಾಣಿಸುತ್ತಿಲ್ಲ. ಧೂಳಪ್ಪನವರು ಅಂಗಿಯ ಕಿಸೆಯ ಮೇಲೆ ಕೈ ಇಟ್ಟುಕೊಂಡು, ತನಗೇನೂ ಗೊತ್ತಿಲ್ಲವೆಂಬಂತೆ ಪೇಪರು ಓದುತ್ತಿದ್ದರು. ಗಂಗುಬಾಯಿ ಹೋಗಿ ಆ ಕೈ ಸರಿಸಿ ಕಾರ್ಡು ತೆಗೆದಳು. ಆಕೆ ಅದನ್ನು ನೋಡಿದ್ದು ಅದೇ ಮೊದಲು. ಕಿಡಕಿಯ ಬೆಳಕಿಗೆ ಹಿಡಿದಳು, ಮೂಲೆ ಬಗ್ಗಿಸಿದಳು, ಹೆಬ್ಬೆರಳಿಂದ ಮೆಲ್ಲಗೆ ಉಜ್ಜಿದಳು.

“ಹ್ಯಾಂಗ ಬಂದದ ಆಯಿ?” ಎಂದು ಕೇಳಿದಳು ಶ್ರದ್ಧಾ.

ಗಂಗುಬಾಯಿ ಕಾರ್ಡನ್ನು ಗಂಡನ ಕಿಸೆಗೇ ಮರಳಿ ಹಾಕಿ, “ನಡೀತದ,” ಎಂದಳು. “ಮೂಗು ಜರಾ ಮೊಂಡ ಅದ. ಇದನ್ನ ಇಲ್ಲೇ ಇಟ್ಟು ಅಕಿಗೆ ಇನ್ನೊಂದು ಬರದ ಕಳಸವ್ವಾ.”