ಸರ್ವೇ ಕಲ್ಲಿಗೆ ಕಾಯಿ ಒಡೆದದ್ದು

ಮೇ ತಿಂಗಳ ನಾಗಪುರದಲ್ಲಿ ಕೂಲರ್ ಕೂಡ ಬಿಸಿಗಾಳಿಯನ್ನೇ ಉಗುಳುತ್ತದೆ. ಲಕ್ಷ್ಮೀ ನಗರದ ಮನೆಗೆ ಬೀಗ ಹಾಕಿ, ಧಾರವಾಡದಿಂದ ಬಂದಿದ್ದ ಅತ್ತೆಯನ್ನು ಕೂರಿಸಿಕೊಂಡು ಸಾತಪುಡಾ ಬೆಟ್ಟಗಳತ್ತ ಕಾರು ಬಿಟ್ಟೆ.

ಅಲ್ಲೊಂದು ಆಳವಾದ ಕಂದರದ ಅಂಚಿನಲ್ಲಿ ಕಲ್ಲು ನೆಟ್ಟಿದೆ. ಈ ಸೀಮೆಯನ್ನು ಮೊದಲು ಅಳೆಯಲು ಬಂದ ಬ್ರಿಟಿಷರು ನೆಟ್ಟದ್ದಂತೆ. ಪಕ್ಕದ ಹಿಂದಿ ಬೋರ್ಡು ಹಾಗೆನ್ನುತ್ತದೆ. ಅತ್ತೆಗೆ ಹಿಂದಿ ಬಾರದು. ನಾನು ಕಾರು ನಿಲ್ಲಿಸಿ ಬರುವಷ್ಟರಲ್ಲಿ ಕಲ್ಲಿಗೆ ಕುಂಕುಮ ಹಚ್ಚಿ, ದಾರಿಗೆಂದು ತಂದಿದ್ದ ತೆಂಗಿನಕಾಯಿಯನ್ನೂ ಒಡೆದಾಗಿತ್ತು.

ಕಾವಲುಗಾರ ಓಡಿಬಂದ. "ಮಾತಾಜಿ, ಇದು ದೇವರಲ್ಲ, ಸರ್ವೇ ಕಲ್ಲು. ಏನೂ ಹಚ್ಚಬಾರದು!" ಎಂದು ಹಿಂದಿಯಲ್ಲಿ ಗದರಿದ. ನಾನು ನಾಚಿಕೊಂಡು ಅತ್ತೆಗೆ ಅರ್ಥ ಹೇಳಿದೆ.

"ಅವಂಗ ಹೇಳವಾ," ಅಂದರು ಅತ್ತೆ, ಶಾಂತವಾಗಿ. "ಇಂಥಾ ಬಿಸಲಾಗ ಇಲ್ಲಿ ಕಲ್ಲಾಗಿ ಒಬ್ಬನ ನಿಂತಾನ. ಮುಂದ ಹೋಗಬ್ಯಾಡ್ರಿ, ಬೀಳ್ತೀರಿ ಅಂತ ಬಂದವರನ್ನ ತಡೀತಾನ. ದೇವರ ಕೆಲಸ ಅಂದ್ರ ಮತ್ತೇನೈತಿ?"

ಅದನ್ನು ಹಿಂದಿಗೆ ತಿರುಗಿಸಿ ಹೇಳಿದೆ. ಕಾವಲುಗಾರ ಒಮ್ಮೆ ಕಲ್ಲನ್ನೂ ಒಮ್ಮೆ ಅದರಾಚೆಯ ಕಂದರವನ್ನೂ ನೋಡಿದ.

"ಆದರೂ ಒರೆಸಲೇಬೇಕು. ಮೇಲಿನವರು ನೋಡಿದರೆ ನನ್ನ ನೌಕರಿ ಹೋಗುತ್ತದೆ," ಎಂದು ಬಟ್ಟೆ ಒದ್ದೆ ಮಾಡಿಕೊಂಡ. ಕಲ್ಲಿನ ಹತ್ತಿರ ಹೋದವನು ತಡೆದು ನಿಂತ. ಆಮೇಲೆ ಬಗ್ಗಿ ಬೂಟುಗಳನ್ನು ಬಿಚ್ಚಿ ಪಕ್ಕಕ್ಕಿಟ್ಟು, ಕಾದ ಬಂಡೆಯ ಮೇಲೆ ಬರಿಗಾಲಲ್ಲಿ ನಿಂತು ಕುಂಕುಮ ಒರೆಸತೊಡಗಿದ.

ಬೂಟು ಬಿಚ್ಚಬೇಕೆಂಬ ನಿಯಮ ಬೋರ್ಡಿನಲ್ಲಿ ಎಲ್ಲೂ ಇರಲಿಲ್ಲ. ನಾನು ಮತ್ತೊಮ್ಮೆ ಓದಿ ನೋಡಿದೆ.