ಹೆಚ್ಚುಕಡಿಮೆ ಮೇಡಂ

ಗುಡ್ಡದ ಮೇಲಿನ ಮಾಪನ ಪರೀಕ್ಷಾಲಯದಲ್ಲಿ ಪ್ರೆಶರ್ ಗೇಜುಗಳನ್ನು ಪರೀಕ್ಷಿಸುವ ಆಕೆಗೆ ಜೊತೆಯವರು ಇಟ್ಟ ಹೆಸರು ಹೆಚ್ಚುಕಡಿಮೆ ಮೇಡಂ. ಯಾವ ಅಂಕಿ ಬರೆದರೂ ಪಕ್ಕದಲ್ಲಿ ‘ಇಷ್ಟು ಹೆಚ್ಚೋ ಕಡಿಮೆಯೋ ಇರಬಹುದು’ ಎಂದು ಸೇರಿಸದೆ ಪೆನ್ನು ಕೆಳಗಿಡುತ್ತಿರಲಿಲ್ಲ. ಮನೆಯಲ್ಲೂ ಅದೇ ಚಾಳಿ. “ಎಷ್ಟೊತ್ತಿಗೆ ಬರ್ತೀಯೇ?” ಎಂದು ಅತ್ತೆ ಕೇಳಿದರೆ, “ಆರೂವರೆಗೆ ಅತ್ತೆ, ಇಪ್ಪತ್ತು ನಿಮಿಷ ಆಚೆ ಈಚೆ.” ಅತ್ತೆ ಆರೂ ಐವತ್ತರವರೆಗೆ ಬಾಗಿಲ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಹೊಸದಾಗಿ ಬಂದ ಸಾಹೇಬರಿಗೆ ಇದು ಹಿಡಿಸಲಿಲ್ಲ. “ನಮಗೇ ಸರಿಯಾಗಿ ಗೊತ್ತಿಲ್ಲ ಅಂದ್ಕೋತಾರೆ ಜನ,” ಎಂದು ಗಣಿತದ ಸಾಫ್ಟ್‌ವೇರ್ ಒಂದನ್ನು ತರಿಸಿದರು. ಅದರಲ್ಲಿ ವಿಜ್ಞಾನದ ಸ್ಥಿರಾಂಕಗಳ ಪಟ್ಟಿಯಿತ್ತು. ಪ್ರತಿಯೊಂದರ ಎದುರೂ ಅದರ ಅನಿಶ್ಚಿತತೆ, ಅಂದರೆ ಹೆಚ್ಚುಕಡಿಮೆ, ಎಷ್ಟೆಂಬ ಅಂಕಿ. ಸಾಹೇಬರು ಗುರುತ್ವದ ಸಾಲಿನ ಮೇಲೆ ಬೆರಳಿಟ್ಟರು.

“ನೋಡಿ ಮೇಡಂ, ಅನಿಶ್ಚಿತತೆ ಸೊನ್ನೆ!”

“ಅದು ಅಳೆದಿದ್ದಲ್ಲ ಸರ್, ಎಲ್ಲರೂ ಕೂತು ಒಪ್ಕೊಂಡಿದ್ದು. ಅದಕ್ಕೇ ಸೊನ್ನೆ. ಈ ಗುಡ್ಡದ ಮೇಲೆ ಗುರುತ್ವ ಅದಕ್ಕಿಂತ ಸ್ವಲ್ಪ ಕಮ್ಮಿ.”

“ಎಲ್ಲರೂ ಒಪ್ಕೊಂಡ ಮೇಲೆ ನಿಮ್ಮ ಗುಡ್ಡಕ್ಕೇನ್ರೀ ತಕರಾರು?”

ಗೇಜು ಪರೀಕ್ಷೆಯೆಂದರೆ ತೂಕದ ಬಿಲ್ಲೆಗಳನ್ನು ಪೇರಿಸಿ, ಅವುಗಳ ಭಾರದಿಂದ ಒತ್ತಡ ಹುಟ್ಟಿಸುವುದು. ಗುರುತ್ವ ತಪ್ಪಿದರೆ ಉತ್ತರವೂ ತಪ್ಪು. ಸಾಹೇಬರ ಮಾತಿನಂತೆ ಪಟ್ಟಿಯ ಗುರುತ್ವವನ್ನೇ ಹಿಡಿದು ಮಾಡಿದ ಮುಂದಿನ ವರದಿ ದಶಮಾಂಶ ಬಿಂದುವಿನಾಚೆ ಎಂಟು ಅಂಕಿ ಹೊತ್ತುಕೊಂಡು, ಹೆಚ್ಚುಕಡಿಮೆಯ ಸೊಲ್ಲೇ ಇಲ್ಲದೆ, ಬಾಯ್ಲರ್ ಕಾರ್ಖಾನೆಗೆ ಹೋಯಿತು. ಮೂರೇ ವಾರಕ್ಕೆ ವಾಪಸು ಬಂತು. ಅದೇ ಗೇಜನ್ನು ಬಯಲಿನ ಇನ್ನೊಂದು ಪರೀಕ್ಷಾಲಯಕ್ಕೂ ಕಳಿಸಿದ್ದರಂತೆ. ಎಂಟರ ಮಾತಿರಲಿ, ಮೂರನೆಯ ಅಂಕಿಯೇ ತಾಳೆಯಾಗಿರಲಿಲ್ಲ.

“ಏನಾದ್ರೂ ಮಾಡಿ ಮೇಡಂ, ಮಾನ ಉಳಿಸಿ,” ಎಂದರು ಸಾಹೇಬರು.

ಸರ್ವೆಯವರು ಆ ಕಟ್ಟಡದಲ್ಲೇ ಹಿಂದೊಮ್ಮೆ ಅಳೆದಿದ್ದ ಗುರುತ್ವ ಹಳೆಯ ಕಡತದಲ್ಲಿತ್ತು. ಆಕೆ ಧೂಳು ಕೊಡವಿ ತೆಗೆದು, ಆ ಅಂಕಿಯನ್ನು ಅದರ ಅನಿಶ್ಚಿತತೆಯ ಸಮೇತ ಸಾಫ್ಟ್‌ವೇರಿಗೆ ಉಣಿಸಿದರು. ಬಿಲ್ಲೆಗಳದ್ದನ್ನೂ ಸೇರಿಸಿದರು. ಸಾಫ್ಟ್‌ವೇರಿಗೇನು ಹಟವೇ? ಎಲ್ಲವನ್ನೂ ಕೂಡಿಸಿ ಉತ್ತರದ ಜೊತೆಗೇ ಅದರ ಹೆಚ್ಚುಕಡಿಮೆಯನ್ನೂ ಕೊಟ್ಟಿತು. ಬಯಲಿನವರ ಅಂಕಿ ಸರಿಯಾಗಿ ಆ ಮಿತಿಯೊಳಗೆ ಬಂದು ಕೂತಿತು. ಕಾರ್ಖಾನೆ ವರದಿಯನ್ನು ಒಪ್ಪಿಕೊಂಡಿತು.

ಆ ತಿಂಗಳ ಸಭೆಯಲ್ಲಿ ಸಾಹೇಬರು ಅನಿಶ್ಚಿತತೆಯ ಮಹತ್ವದ ಬಗ್ಗೆ ನಲವತ್ತು ನಿಮಿಷ ಮಾತಾಡಿ ಚಪ್ಪಾಳೆ ಗಿಟ್ಟಿಸಿದರು. ಹೆಚ್ಚುಕಡಿಮೆ ಮೇಡಂ ಮೂಲೆಯಲ್ಲಿ ಕೂತು ಅವರಿಗಾಗಿ ಪರದೆಯ ಮೇಲಿನ ಚಿತ್ರಗಳನ್ನು ಬದಲಿಸುತ್ತಿದ್ದರು. ಮರುದಿನ ಅಪ್ಪಣೆಯಾಯಿತು.

“ಇನ್ಮೇಲೆ ಎಲ್ಲಾ ವರದಿಗೂ ಶೇಕಡಾ ಅರ್ಧ ಹೆಚ್ಚುಕಡಿಮೆ ಅಂತ ಹಾಕ್ಬಿಡಿ. ಒಂದೇ ಇರ್ಲಿ, ಗೊಂದಲ ಬೇಡ.”

ಅನಿಶ್ಚಿತತೆಯೂ ಸ್ಥಿರಾಂಕವಾಗಿಬಿಟ್ಟಿತ್ತು! ಆಕೆ ನಗು ನುಂಗಿಕೊಂಡು, “ಆಗ್ಲಿ ಸರ್,” ಎಂದರು. ತಮ್ಮ ಮೇಜಿಗೆ ಬಂದು ಎಂದಿನಂತೆ ಒಂದೊಂದು ಗೇಜಿಗೂ ಬೇರೆಬೇರೆಯಾಗಿಯೇ ಲೆಕ್ಕ ಹಾಕಿದರು. ಸಂಜೆ ಸಾಹೇಬರು ವರದಿಗಳ ಕೊನೆಯ ಹಾಳೆಯನ್ನಷ್ಟೇ ತಿರುವಿ, ಒಂದರ ಹಿಂದೊಂದಕ್ಕೆ ಸಹಿ ಹಾಕಿಕೊಟ್ಟರು.